ದೊಡ್ಡಮ್ಮನ ಪರಿವಿಡಿ

ನಮ್ಮ ದೊಡ್ಡಪ್ಪ ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ದಿನಾ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಿದ್ದರು. ಜೊತೆಗೆ ಹೂಮಳೆ, ಮರಗಸಿ, ಕೊಯ್ಲು ಅಂತ ಎರಡೆರಡು ಸಾಲು. ಅವರು ಹೋದ ಮೇಲೆ, ವರ್ಷದ ತಿಥಿಗೆ ಬರುವ ನೆಂಟರಿಗೆ ಪುಸ್ತಕ ಮಾಡಿ ಕೊಡೋಣ ಅಂತ ವರ್ಡಿನಲ್ಲಿ ಟೈಪಿಸತೊಡಗಿದೆ.

ಡೈರಿಯಲ್ಲಿ ಇದ್ದಿದ್ದು ಬರೀ ತಿಂಗಳು, ಇಸವಿ. ಹಾಗಾಗಿ ಪರಿವಿಡಿಯಲ್ಲೂ ಬಂದಿದ್ದು ಅದೇ. ದೊಡ್ಡಮ್ಮ ಪ್ರಿಂಟ್ ನೋಡಿ, "ಇದೇನು ಮಾರಾಯ, ಪಂಚಾಂಗ ಇದ್ದ ಹಾಗಿದೆ" ಅಂದರು. ಕೆಂಪು ಪೆನ್ನು ಹಿಡಿದು ಪಕ್ಕದಲ್ಲಿ ಹೆಸರು ಬರೆದರು. ಕಳಸಕ್ಕೆ ಹೋಗಿದ್ದಾಗ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದು, ದೊಡ್ಡಪ್ಪ ಆಚೆ ದಡದಲ್ಲೇ ಉಳಿದ ತಿಂಗಳಿಗೆ "ಸೇತುವೆ ಮುಳುಗಿದ್ದು". 2019ರ ಆಗಸ್ಟಿಗೆ "ಮಲೆಮನೆ ಜಾರಿದ ಮಳೆ". ಆ ತಿಂಗಳು ಡೈರಿಯಲ್ಲಿ ಇಂಚುಗಳು ಮಾತ್ರ ಇವೆ ನೋಡಿ. ಗುಡ್ಡ ಕುಸಿದ ದಿಗಿಲು ಇರೋದು ದೊಡ್ಡಮ್ಮನ ಹೆಸರಿನಲ್ಲಿ.

ಆ ಹೆಸರುಗಳನ್ನೆಲ್ಲ ಪೇಟೆಯ ಡಿಟಿಪಿ ಹುಡುಗ ಪರಿವಿಡಿಯೊಳಗೇ ತುಂಬಿಸಿಕೊಟ್ಟ. ಆಮೇಲೆ ಎರಡು ಫೋಟೋ ಸೇರಿ ಪುಟ ಜರುಗಿತು. ಎಫ್9 ಒತ್ತಿ "ಅಪ್‌ಡೇಟ್ ಎಂಟೈರ್ ಟೇಬಲ್" ಅಂದ. ಅಷ್ಟೇ.. ದೊಡ್ಡಮ್ಮ ಮಾಯ, ಪಂಚಾಂಗ ವಾಪಸ್!

ವರ್ಡಿನ ತಪ್ಪೇನಿಲ್ಲ ಬಿಡಿ. ಪರಿವಿಡಿ ಅನ್ನೋದು ಅದಕ್ಕೆ ಬರಹವಲ್ಲ, ಫೀಲ್ಡ್. ಪ್ರತಿ ಸಲವೂ ತಲೆಬರಹಗಳನ್ನು ಹುಡುಕಿ ಹೊಸದಾಗಿ ಕಟ್ಟುತ್ತದೆ. "ಪೇಜ್ ನಂಬರ್ಸ್ ಓನ್ಲಿ" ಅಂದರೆ ಕೈಯಿಂದ ತಿದ್ದಿದ್ದು ಉಳಿಯುತ್ತದೆ, ಆದರೆ ಹೊಸ ಅಧ್ಯಾಯ ಸೇರುವುದಿಲ್ಲ. ಕಂಟ್ರೋಲ್-ಶಿಫ್ಟ್-ಎಫ್9 ಒತ್ತಿದರೆ ಮಾಮೂಲಿ ಅಕ್ಷರವಾಗಿ ನಿಲ್ಲುತ್ತದೆ, ಆಮೇಲೆ ಪುಟಸಂಖ್ಯೆಯೂ ಬದಲಾಗುವುದಿಲ್ಲ. ಅಕ್ಷರದ ಗಾತ್ರ, ಅಂತರ ಬದಲಿಸಬೇಕಿದ್ದರೆ ಟಿಒಸಿ 1, ಟಿಒಸಿ 2 ಸ್ಟೈಲುಗಳನ್ನೇ ತಿದ್ದಿ, ಅದು ಅಳಿಸದು.

ನಮ್ಮ ತೊಡಕು ಬೇರೆ. ಒಳಗೆ ದೊಡ್ಡಪ್ಪನ ತಾರೀಖು ಹಾಗೇ ಇರಬೇಕು, ಪರಿವಿಡಿಯಲ್ಲಿ ದೊಡ್ಡಮ್ಮನ ಹೆಸರು ಬರಬೇಕು. ಇದಕ್ಕೆ ಇರೋದು ಟಿಸಿ ಫೀಲ್ಡ್. ತಲೆಬರಹದ ಪಕ್ಕ ಕರ್ಸರ್ ಇಟ್ಟು ಆಲ್ಟ್-ಶಿಫ್ಟ್-ಓ ಒತ್ತಿ, ಬೇಕಾದ ಹೆಸರು ಟೈಪಿಸಿ, ಮಾರ್ಕ್ ಕೊಡಿ. ಅದು ಕಣ್ಣಿಗೆ ಕಾಣದ ಹಾಗೆ ಅಲ್ಲೇ ಕೂರುತ್ತದೆ. ಪರಿವಿಡಿಯ ಆಪ್ಷನ್ಸಿನಲ್ಲಿ "ಸ್ಟೈಲ್ಸ್", "ಔಟ್‌ಲೈನ್ ಲೆವೆಲ್ಸ್" ತೆಗೆದು "ಟೇಬಲ್ ಎಂಟ್ರಿ ಫೀಲ್ಡ್ಸ್" ಆರಿಸಿ. ಇನ್ನು ಎಷ್ಟು ಸಲ ಬೇಕಾದರೂ ಎಫ್9 ಒತ್ತಿ, ಹೆಸರು ಹೋಗದು. ಲಿಬ್ರೆಆಫೀಸಿನಲ್ಲಿ ಇದೇ ಕೆಲಸಕ್ಕೆ ಇಂಡೆಕ್ಸ್ ಎಂಟ್ರಿ ಇದೆ.

ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕು ಅಂತ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಟ ಹಿಡಿದವರು ತೇಜಸ್ವಿ. 2007ರಲ್ಲಿ ತೀರಿಕೊಂಡರು. ಇವತ್ತು ದೊಡ್ಡಮ್ಮ ಹೇಳಿದ್ದು ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರದಲ್ಲಿ ಕೂತಿದೆ ಅಂದರೆ ಸಣ್ಣ ಸಂಗತಿಯಲ್ಲ.

ದೊಡ್ಡಪ್ಪ ಬರೆದ ಕೊನೆಯ ತಿಂಗಳಿಗೆ ಮಾತ್ರ ದೊಡ್ಡಮ್ಮ ಹೆಸರು ಕೊಟ್ಟಿಲ್ಲ. "ಅದು ಅವರು ಬರೆದ ಹಾಗೇ ಇರಲಿ" ಅಂದರು. ಆ ಫೀಲ್ಡಿನಲ್ಲಿ ತಿಂಗಳು, ಇಸವಿ ಅಷ್ಟೇ ಇದೆ.