ಬೆಟ್ಟದ ಪಕ್ಕದಲ್ಲಿ ಅಜ್ಜಿ

ಕುದೂರಿನವರಿಗೆ ಭೈರವನದುರ್ಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ತರಗತಿಯ ವಿಚಾರಗೋಷ್ಠಿಗೆ ನಾನು ಆ ಬೆಟ್ಟವನ್ನೇ ಆರಿಸಿಕೊಂಡೆ. ಬೆಟ್ಟದ ಚಿತ್ರಗಳೆಲ್ಲ ಅಡ್ಡಲಾಗಿದ್ದವು. ಅದರ ಕಥೆಗಳನ್ನು ನನಗೆ ಹೇಳಿದ ಅಜ್ಜಿಯ ಚಿತ್ರ ಒಂದೇ ಒಂದು, ಅದು ಉದ್ದನೆಯದು.

ಪವರ್‌ಪಾಯಿಂಟಿನ ಒಂದು ಕಡತದಲ್ಲಿ ಎಲ್ಲ ಪುಟಗಳಿಗೂ ಒಂದೇ ಅಳತೆ. ತೆರೆ ತುಂಬಲೆಂದು ಚಿತ್ರವನ್ನು ಹಿಗ್ಗಿಸಿದೆ; ಅಜ್ಜಿಯ ಮುಡಿಯೂ ಪಾದಗಳೂ ಆಚೆ ಹೋದವು. ಆಡುಗಳ ಹಿಂದೆ ಬೆಟ್ಟ ಹತ್ತಿ ಸವೆದ ಪಾದಗಳವು! ಅವಳು ಈಗಿಲ್ಲ, ಮತ್ತೊಂದು ಚಿತ್ರ ತೆಗೆಯುವಂತಿಲ್ಲ.

ಹಿಂದಿನ ಸ್ಲೈಡುಗಳಿಗೆ ಈ ಬಾಧೆ ಇರಲಿಲ್ಲ. 24ಕ್ಕೆ 36 ಮಿಲಿಮೀಟರಿನ ಫಿಲ್ಮನ್ನು 2 ಅಂಗುಲದ ಚಚ್ಚೌಕ ಕಟ್ಟಿನಲ್ಲಿ ಕೂರಿಸುತ್ತಿದ್ದರು. ಚೌಕವನ್ನು ಹೇಗೆ ತಿರುಗಿಸಿದರೂ ಯಂತ್ರಕ್ಕೆ ಹಿಡಿಯುತ್ತಿತ್ತು. ಈಗಿನ ಉಪಾಯವೆಂದರೆ ಅಡ್ಡಕ್ಕೊಂದು, ಉದ್ದಕ್ಕೊಂದು ಕಡತ ಮಾಡಿ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು. ಅದನ್ನೂ ಮಾಡಿ ನೋಡಿದೆ. ಗೋಡೆಯ ಮೇಲಿನ ತೆರೆ ಮಾತ್ರ ಅಡ್ಡಲಾಗಿಯೇ ಇತ್ತು. ಅಜ್ಜಿಯ ಎರಡು ಪಕ್ಕದಲ್ಲೂ ಕತ್ತಲೆ.

ಕೊನೆಗೆ ಒಂದೇ ಕಡತಕ್ಕೆ ಮರಳಿದೆ. ಪುಟದ ಅಗಲ 13.33 ಅಂಗುಲ, ಎತ್ತರ 7.5. ಮೂರಕ್ಕೆ ನಾಲ್ಕರ ಅಳತೆಯ ಚಿತ್ರವನ್ನು ಪೂರ್ಣ ಎತ್ತರಕ್ಕೆ ಎಡಗಡೆ ನಿಲ್ಲಿಸಿದರೆ ಅದು 5.6 ಅಂಗುಲವನ್ನಷ್ಟೇ ಹಿಡಿಯಿತು. ಉಳಿದ ಬಯಲಿನಲ್ಲಿ ಭೈರವನದುರ್ಗವನ್ನು ಇಟ್ಟೆ. ಅಜ್ಜಿ ಬೆಟ್ಟಕ್ಕಿಂತ ಎತ್ತರವಾಗಿ ಕಂಡಳು.

"ಇವರು ಯಾರಪ್ಪ?" ಎಂದು ಗುರುಗಳೊಬ್ಬರು ಕೇಳಿದರು. ನನ್ನ ಭಾಷಣ ನಿಜವಾಗಿ ಆರಂಭವಾದದ್ದು ಅಲ್ಲಿಂದ.