ಯಾರ ಪೈಕಿ?

ಬೆಂಗಳೂರಲ್ಲಿ ಮನೆ ಹುಡುಕುವಾಗ ಸ್ಯಾಲರಿ ಸ್ಲಿಪ್, ಕಂಪನಿ ಐಡಿ, 10 ತಿಂಗಳ ಅಡ್ವಾನ್ಸ್, ನೋಂದಣಿ ತಪ್ಪಿಸುವ 11 ತಿಂಗಳ ಕರಾರು, ಎಲ್ಲಕ್ಕೂ ಹೂಂ ಅಂದಿದ್ದೆ. ಕೊನೆಗೆ ಓನರ್, 'ನೀವು ಯಾವ ಜನ?' ಅಂದರು. ಹೇಳಿದೆ. ಮನೆ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿತ್ತಂತೆ.

ಹಳ್ಳಿ ಬಿಟ್ಟು ಬಂದು ಅಪ್ಪ ಮೂಡಲಗಿಯಲ್ಲಿ ಮನೆ ಕಟ್ಟಿಸಿದ್ದಾನೆ. ಹೋದ ತಿಂಗಳು ಮ್ಯಾಲಿನ ಖೋಲಿ ಕೇಳಿಕೊಂಡು ಹುಕ್ಕೇರಿ ಕಡೆಯ ಮಾಸ್ತರೊಬ್ಬರು ಬಂದರು. ಮೊದಲು ಗೋಕಾಕದಲ್ಲಿ ಬಾಡಿಗೆಗಿದ್ದವರು. ಅಪ್ಪ ಅಲ್ಲಿಯ ಮಾಲೀಕರಿಗೆ ಫೋನ್ ಹಚ್ಚಿದ: 'ಬಾಡಗಿ ತಾರೀಖಿಗೆ ಕೊಡ್ತಿದ್ರೇನ್ರಿ? ಬಿಡೂಮುಂದ ಲೈಟ್ ಬಿಲ್ ತುಂಬ್ಯಾರೇನ್ರಿ?' ಎರಡಕ್ಕೂ ಹೌದು. ನಂಬಿಕೆಗೆ ಇನ್ನೇನು ಬೇಕು?

ಆದರೂ ಅಪ್ಪ ತಿರುಗಿ, 'ಮಾಸ್ತರ, ನೀವು ಯಾರ ಪೈಕಿ?' ಅಂದ. ಅದೇ ಪ್ರಶ್ನೆ, ನಮ್ಮ ಭಾಷೆಯಲ್ಲಿ.

ಮಾಸ್ತರು ನೆಲ ನೋಡಿದರು. ನಾನೂ ಹಾಗೇ ನೋಡಿದ್ದೆ.

'ಅಪ್ಪಾ, ಕೀಲಿ ಕೊಟ್ಟುಬಿಡು' ಅಂದೆ.