ದುರ್ಗದ ಹುಡುಗನ ಡೈರಿ, ಭಾಗ 7: ಯಾರ ಬಲ, ಯಾರ ಎಡ?

ಫೋಟೋದಲ್ಲಿರೋ ಬಂಡೆ ನಮ್ಮ ಹುತ್ರಿದುರ್ಗದ್ದು. ಕಥೆ ಮಾತ್ರ ಸಮುದ್ರದ್ದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ಕಾರ್ತೀಕದಲ್ಲಿ ಬೆಂಗಳೂರಿಂದ ಚಿಕ್ಕಪ್ಪನ ಮಗಳು ಬಂದಿದ್ಲು, ಹತ್ತನೇ ಕ್ಲಾಸು. ಬೆಟ್ಟ ಹತ್ತಿ ಶಂಕರೇಶ್ವರನಿಗೆ ಕೈ ಮುಗಿದ್ವಿ. ನಾನು ರೀಲ್ಸ್ ಮಾಡ್ಕೊಂಡು ಹಿಂದೆ ಉಳಿದೆ. "ನೀನು ಇಳೀತಿರು, ದೊಡ್ಡ ಬಂಡೆ ಬಲಕ್ಕಿರಲಿ" ಅಂದೆ. ನಾನು ಹೇಳಿದ್ದು ಹತ್ತುವಾಗಿನ ಬಲ. ಅವಳು ಇಳೀತಿದ್ಲು. ಮುಕ್ಕಾಲು ಗಂಟೆ ಸಿಗಲಿಲ್ಲ. ಹೊತ್ತು ಮುಳುಗ್ತಿತ್ತು, ನೆಟ್‌ವರ್ಕ್ ಇಲ್ಲ. ಕೊನೆಗೆ ಕೋಟೆ ಗೋಡೆ ಪಕ್ಕ ಅಳ್ತಾ ಕೂತಿದ್ಲು, ಮೊಣಕಾಲು ತರಚಿತ್ತು.

ಮನೇಲಿ ನಾನು "ಅವಳೇ ದಾರಿ ತಪ್ಪಿದ್ಲು" ಅಂದ್ಬಿಟ್ಟೆ. ಅವಳು ಸುಮ್ಮನೆ ನನ್ನ ಮುಖ ನೋಡಿದ್ಲು.

ಇದನ್ನ ಕ್ಲಾಸಿನ ಮಲ್ಪೆ ಹುಡುಗನಿಗೆ ಹೇಳಿದೆ. ಅವನು ನಕ್ಕು, "ಕಡಲಲ್ಲಿ ಹೀಗೆ ಹೇಳಿದ್ರೆ ಹಡಗೇ ಹೋಗ್ತದೆ ಮಾರಾಯ" ಅಂದ.

ಬಂದರಿನ ದಾರೀಲಿ ಲಂಗರು ಹಾಕಿ ನಿಲ್ಲಿಸಿದ ತೇಲುವ ಗುರುತುಗಳಿರ್ತವೆ. ಹೆಸರು 'ಬಾಯ್'. ಅಮೆರಿಕದವರು 'ಬೂಯಿ' ಅಂತಾರೆ. ಸಮುದ್ರದಿಂದ ಪಣಂಬೂರಿನ ಬಂದರಿಗೆ ಬರೋ ಹಡಗಿಗೆ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಪೂರಾ ಉಲ್ಟಾ, ಒಳಗೆ ಬರುವಾಗ ಕೆಂಪು ಬಲಕ್ಕೆ. ಒಂದು ಕಾಲಕ್ಕೆ ಪ್ರಪಂಚದಲ್ಲಿ 30ಕ್ಕೂ ಹೆಚ್ಚು ಪದ್ಧತಿ ಇದ್ದವಂತೆ. 1980ರಲ್ಲಿ ದೇಶಗಳೆಲ್ಲ ಕೂತು ಒಂದು ಪದ್ಧತಿ ಒಪ್ಪಿದರೂ, ಈ ಕೆಂಪು-ಹಸಿರಿನ ಎಡ-ಬಲ ಮಾತ್ರ ಒಂದಾಗಲಿಲ್ಲ. ನಾವು 'ಎ' ವಲಯ. ಅಮೆರಿಕ, ಜಪಾನ್, ಕೊರಿಯಾ, ಫಿಲಿಪೈನ್ಸ್ 'ಬಿ' ವಲಯ.

ಅಮೆರಿಕದಲ್ಲಿ ಆಕಾರಕ್ಕೂ ಹೆಸರಿದೆ. ಮೇಲ್ಗಡೆ ಚೂಪಾಗಿರೋ ಕೆಂಪು 'ನನ್', ಡಬ್ಬದ ಥರ ಇರೋ ಹಸಿರು 'ಕ್ಯಾನ್'. ಕೆಂಪಿಗೆ ಸಮ ಸಂಖ್ಯೆ, ಹಸಿರಿಗೆ ಬೆಸ. ಮಂಜಲ್ಲಿ ಕಣ್ಣು ಕಾಣದಿದ್ರೆ ಕಿವಿಗೆ ಅಂತ ಗಂಟೆ ಬಾಯ್, ಶಿಳ್ಳೆ ಬಾಯ್ ಇವೆ. ಅಲೆ ಹೊಯ್ದಾಡಿದ್ರೆ ತಾವೇ ಸದ್ದು ಮಾಡ್ತವೆ. ಕೆಂಪು-ಬಿಳಿ ಉದ್ದ ಪಟ್ಟೆ ಇದ್ರೆ ಸುತ್ತ ನೀರು ಸುರಕ್ಷಿತ. ಕಪ್ಪಿನ ಮೇಲೆ ಕೆಂಪು ಅಡ್ಡಪಟ್ಟೆ, ತಲೆ ಮೇಲೆ ಎರಡು ಕಪ್ಪು ಗುಂಡು ಇದ್ರೆ ಅಲ್ಲೇ ಅಪಾಯ. ಇವೆರಡು ಎರಡೂ ವಲಯದಲ್ಲಿ ಒಂದೇ.

ಬಿಕಾಂನವರಿಗೆ ಬೇಗ ಅರ್ಥ ಆಗುತ್ತೆ ನೋಡಿ. ನಾವು ಬ್ಯಾಂಕಿಗೆ ಕಟ್ಟಿದ ದುಡ್ಡು ಪಾಸ್‌ಬುಕ್ಕಲ್ಲಿ ಕ್ರೆಡಿಟ್, ನಮ್ಮ ಕ್ಯಾಶ್‌ಬುಕ್ಕಲ್ಲಿ ಡೆಬಿಟ್. ಎರಡೂ ಸರಿ. ಯಾರ ಪುಸ್ತಕ ಅಂತ ಮೊದಲು ಹೇಳ್ಬೇಕು, ಅಷ್ಟೇ. ಕಡಲಲ್ಲೂ "ಸಮುದ್ರದಿಂದ ಒಳಗೆ ಬರುವಾಗ" ಅಂತ ಮೊದಲೇ ಹೇಳಿಟ್ಟಿದ್ದಾರೆ. ನಾನು ಬಲ ಅಂದೆ, ಯಾವ ಕಡೆ ಹೋಗುವಾಗ ಅನ್ನಲಿಲ್ಲ.

ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ, "ತಪ್ಪು ನಂದು, ದಾರಿ ಹೇಳಿದ್ದು ನಾನೇ" ಅಂದೆ. ಅವರು "ಹೂಂ" ಅಂದು ಫೋನ್ ಅವಳಿಗೆ ಕೊಟ್ರು. "ಮುಂದಿನ ಸಲ ನೀನು ಮುಂದೆ ನಡಿ ಅಣ್ಣ, ನಾನು ಹಿಂದೆ ಬರ್ತೀನಿ" ಅಂದ್ಲು.

ನೀವು ಯಾರಿಗಾದ್ರೂ ಹೀಗೆ ದಾರಿ ತಪ್ಪಿಸಿದ್ದೀರಾ? ಕಮೆಂಟಲ್ಲಿ ಒಪ್ಕೊಳ್ಳಿ. ನಾನಂತೂ ಒಪ್ಕೊಂಡೆ.

#ಹುತ್ರಿದುರ್ಗ #ಕುಣಿಗಲ್ #ದುರ್ಗದಹುಡುಗನಡೈರಿ